ಮಿದುಳು ಒಂದೇ, ಅಳತೆ ಹಲವು

1956ರ ತೂಕ ಮತ್ತು ಅಳತೆ ಕಾಯಿದೆ ಜಾರಿಗೆ ಬರುವ ಮೊದಲು ಒಂದು ಊರಿನ ಸೇರು ಇನ್ನೊಂದು ಊರಿನ ಸೇರಿಗೆ ಸಮನಾಗಿರುತ್ತಿರಲಿಲ್ಲ. ಧಾನ್ಯ ಅದೇ, ಅಳತೆ ಮಾತ್ರ ಬೇರೆ. ಮಿದುಳಿನ ಚಿತ್ರಗಳನ್ನು ಅಭ್ಯಸಿಸುವ ವಿಜ್ಞಾನಿಗಳನ್ನೂ ಇಂಥದೇ ತೊಡಕು ಕಾಡುತ್ತ ಬಂದಿದೆ.

ಎಂ.ಆರ್.ಐ. ಚಿತ್ರಣದ ವಿಧಾನವನ್ನು ಅಮೆರಿಕದ ಪಾಲ್ ಲಾಟರ್‌ಬರ್ ಪ್ರಕಟಿಸಿದ್ದು 1973ರಲ್ಲಿ. ಸಿ.ಟಿ. ಸ್ಕ್ಯಾನಿನಲ್ಲಿ ನೀರಿಗೆ ಸೊನ್ನೆ ಎಂಬ ನಿಶ್ಚಿತ ಮಾನವಿದೆ. ಸಾಮಾನ್ಯ ಎಂ.ಆರ್.ಐ. ಚಿತ್ರದ ಕಪ್ಪು ಬಿಳುಪಿಗೆ ಅಂಥ ಮಾನವಿಲ್ಲ. ಯಂತ್ರದ ತಯಾರಕರು, ಅಯಸ್ಕಾಂತದ ಬಲ, ಚಿತ್ರ ತೆಗೆಯುವ ಕ್ರಮ ಬದಲಾದರೆ ಒಬ್ಬರದೇ ಮಿದುಳು ಬೇರೆಯಾಗಿ ಕಾಣುತ್ತದೆ.

ಒಂದೇ ಆಸ್ಪತ್ರೆಯ ರೋಗಿಗಳನ್ನು ನೋಡುವಾಗ ಇದು ದೊಡ್ಡ ಅಡ್ಡಿಯಾಗಲಿಲ್ಲ. ಆದರೆ 2004ರಲ್ಲಿ ಆರಂಭವಾದ ಅಮೆರಿಕದ ಅಲ್ಜೈಮರ್ ಅಧ್ಯಯನ ಹಲವು ಕೇಂದ್ರಗಳ ಚಿತ್ರಗಳನ್ನು ಒಟ್ಟುಗೂಡಿಸಿತು. 2009ರಲ್ಲಿ ಹುಟ್ಟಿದ ‘ಎನಿಗ್ಮಾ’ ಎಂಬ ಕೂಟ ಅನೇಕ ದೇಶಗಳನ್ನು ಜೋಡಿಸಿತು. ಅದರ ಗೀಳುರೋಗದ ಅಧ್ಯಯನದಲ್ಲಿ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಕೂಡ ಪಾಲ್ಗೊಂಡಿದೆ. ಈಗ ಯಂತ್ರಗಳ ವ್ಯತ್ಯಾಸದಲ್ಲಿ ರೋಗದ ಸೂಕ್ಷ್ಮ ಗುರುತುಗಳೇ ಮುಳುಗಿಹೋಗುವ ಭಯ ಎದುರಾಯಿತು.

ಮೊದಲ ಪರಿಹಾರ ಬಂದದ್ದು ಸಂಖ್ಯಾಶಾಸ್ತ್ರದಿಂದ. ವಂಶವಾಹಿಗಳ ಮಾಹಿತಿಗಾಗಿ 2007ರಲ್ಲಿ ರೂಪಿಸಿದ ‘ಕಾಂಬ್ಯಾಟ್’ ವಿಧಾನವನ್ನು 2017ರ ವೇಳೆಗೆ ಮಿದುಳಿನ ಅಳತೆಗಳಿಗೂ ಅನ್ವಯಿಸಲಾಯಿತು. ಅದು ಒಂದೊಂದು ಯಂತ್ರದ ಸರಾಸರಿ ಮತ್ತು ಏರಿಳಿತವನ್ನು ಸರಿದೂಗಿಸುತ್ತದೆ, ಚಿತ್ರವನ್ನು ಮುಟ್ಟುವುದಿಲ್ಲ.

ಚಿತ್ರವನ್ನೇ ಮರುರಚಿಸುವ ದಾರಿ ತೆರೆದದ್ದು ‘ಜನರೇಟಿವ್’ ಎನ್ನಲಾಗುವ ಗಣಕ ಮಾದರಿಗಳು. 2014ರಲ್ಲಿ ಇಯಾನ್ ಗುಡ್‌ಫೆಲೋ ಮತ್ತು ಸಂಗಡಿಗರು ತೋರಿಸಿದ ಬಗೆಯಲ್ಲಿ ಒಂದು ಜಾಲ ಚಿತ್ರ ಬರೆಯುತ್ತದೆ, ಇನ್ನೊಂದು ಅದು ಅಸಲಿಯೋ ನಕಲಿಯೋ ಎಂದು ಪರೀಕ್ಷಿಸುತ್ತದೆ. ಈ ಪೈಪೋಟಿಯಲ್ಲಿ ಪಳಗಿದ ಮಾದರಿ, ಒಂದು ಯಂತ್ರದ ಚಿತ್ರವನ್ನು ಇನ್ನೊಂದು ಯಂತ್ರದಲ್ಲೇ ತೆಗೆದಂತೆ ಬದಲಿಸಬಲ್ಲದು.

ಅಪಾಯವಿರುವುದೂ ಇಲ್ಲಿಯೇ. 2018ರಲ್ಲಿ ಜೋಸೆಫ್ ಕೋಹೆನ್ ಮತ್ತು ಸಂಗಡಿಗರು ಒಂದು ಬಗೆಯ ಎಂ.ಆರ್.ಐ. ಚಿತ್ರವನ್ನು ಮತ್ತೊಂದು ಬಗೆಗೆ ಪರಿವರ್ತಿಸಿ ನೋಡಿದರು. ಆರೋಗ್ಯವಂತರ ಚಿತ್ರಗಳನ್ನೇ ಗುರಿಯಾಗಿಟ್ಟು ಕಲಿತ ಮಾದರಿ ಮಿದುಳಿನ ಗಡ್ಡೆಯನ್ನು ಅಳಿಸಿತು. ಗಡ್ಡೆಯಿದ್ದವರ ಚಿತ್ರಗಳಿಂದ ಕಲಿತದ್ದು ಇಲ್ಲದ ಗಡ್ಡೆಯನ್ನು ಮೂಡಿಸಿತು. ಯಾವುದು ಯಂತ್ರದ ಗುಣ, ಯಾವುದು ರೋಗಿಯ ಗುಣ ಎಂಬುದು ಮಾದರಿಗೆ ತಾನಾಗಿ ತಿಳಿಯದು.

ಆದ್ದರಿಂದಲೇ ಕೆಲವು ಸಂಶೋಧಕರು ಅದೇ ವ್ಯಕ್ತಿಗಳನ್ನು ಹಲವು ಯಂತ್ರಗಳಲ್ಲಿ ಮಲಗಿಸಿ, ಚಿತ್ರಗಳನ್ನು ಹೋಲಿಸಿ ನೋಡುತ್ತಾರೆ. ಖರ್ಚಿನ ಕೆಲಸವಾದರೂ ಇದನ್ನು ಬಿಡುವಂತಿಲ್ಲ. ಸೇರನ್ನು ತಿದ್ದಲೇಬೇಕು, ನಿಜ. ತಿದ್ದುವ ಭರದಲ್ಲಿ ಧಾನ್ಯವೇ ಬದಲಾಗಬಾರದು.