ಡಾರ್ವಿನ್‌ನ ಎರಡು ಕಾಲಂ

ಲಂಡನ್ನಿನ ಹೊರವಲಯದ ಡೌನ್ ಹಳ್ಳಿಯಲ್ಲಿ ಚಾರ್ಲ್ಸ್ ಡಾರ್ವಿನ್ 40 ವರ್ಷ ಬಾಳಿದ ಮನೆಯಿದೆ. ಆತ ಮನೆಖರ್ಚನ್ನೆಲ್ಲ ಪೆನ್ನಿ ಬಿಡದೆ ಬರೆದಿಡುತ್ತಿದ್ದನೆಂದು ತಿಳಿದಾಗ, ಲೆಕ್ಕಪರಿಶೋಧಕನಾದ ನನಗೆ ನೆಂಟನೊಬ್ಬ ಸಿಕ್ಕಂತಾಯಿತು. ಮದುವೆಯಾಗಬೇಕೋ ಬೇಡವೋ ಎಂಬುದಕ್ಕೂ 1838ರಲ್ಲಿ ಆತ ಎರಡು ಕಾಲಂ ಬರೆದಿದ್ದ. ಒಂದರಲ್ಲಿ ಮಕ್ಕಳು, ಮುಪ್ಪಿಗೆ ಜೊತೆ. ಇನ್ನೊಂದರಲ್ಲಿ ಸಮಯ ನಷ್ಟ, ಪುಸ್ತಕಕ್ಕೆ ಹಣದ ಕೊರತೆ. ಹೊಗೆ ತುಂಬಿದ ಲಂಡನ್ ಮನೆಯಲ್ಲಿ ಜೀವನವಿಡೀ ಒಂಟಿಯಾಗಿ ದುಡಿಯುವ ಚಿತ್ರ ಕಣ್ಮುಂದೆ ಬಂದದ್ದೇ ತಡ, ಲೆಕ್ಕ ಇತ್ಯರ್ಥವಾಯಿತು. ಮರುವರ್ಷ ಎಮ್ಮಾಳ ಕೈಹಿಡಿದ.

ಅದೇ ವರ್ಷ ಹುಟ್ಟಿದ ಮಗ ವಿಲಿಯಂ ಯಾವಾಗ ಹುಬ್ಬು ಗಂಟಿಕ್ಕಿದ, ಯಾವಾಗ ನಕ್ಕ ಎಂಬುದನ್ನೂ ಡಾರ್ವಿನ್ ಬರೆದಿಟ್ಟ. 1851ರಲ್ಲಿ 10 ವರ್ಷದ ಮಗಳು ಆ್ಯನಿ ತೀರಿಕೊಂಡಳು. ಒಂದು ವಾರದಲ್ಲೇ ಆಕೆಯ ನೆನಪನ್ನು ಬರೆದಿಟ್ಟ. ಮುಖದ ಕೆಲವು ಸ್ನಾಯುಗಳನ್ನು ದೇವರು ಮನುಷ್ಯನಿಗೆಂದೇ, ಭಾವನೆ ತೋರಲೆಂದೇ ಕೊಟ್ಟಿದ್ದಾನೆಂದು ವೈದ್ಯ ಚಾರ್ಲ್ಸ್ ಬೆಲ್ ವಾದಿಸಿದ್ದ. ಡಾರ್ವಿನ್ ಒಪ್ಪಲಿಲ್ಲ. 1867ರಲ್ಲಿ ಪ್ರಶ್ನಾವಳಿ ಅಚ್ಚು ಹಾಕಿಸಿ ದೇಶದೇಶಗಳಿಗೆ ಕಳಿಸಿದ: ನಿಮ್ಮಲ್ಲಿ ಬೆರಗಾದವರು ಕಣ್ಣು ಬಾಯಿ ಅಗಲಿಸುತ್ತಾರೆಯೇ? ನಾಚಿದವರ ಮುಖ ಕೆಂಪೇರುತ್ತದೆಯೇ? 36 ಉತ್ತರಗಳು ಬಂದವು; ಕಲ್ಕತ್ತದ ಸಸ್ಯೋದ್ಯಾನದಿಂದಲೂ ಒಬ್ಬರು ಬರೆದಿದ್ದರು. ಎಲ್ಲೆಡೆ ಮುಖಗಳು ಬಹುತೇಕ ಒಂದೇ ಭಾಷೆ ಆಡುತ್ತಿದ್ದವು.

ಲಂಡನ್ ಮೃಗಾಲಯದಲ್ಲಿ ಆತ ವಿಷದ ಹಾವಿನ ಗಾಜಿಗೆ ಮುಖವೊಡ್ಡಿ, ಅದು ಎರಗಿದರೂ ಕದಲುವುದಿಲ್ಲವೆಂದು ಪಣತೊಟ್ಟು ನಿಂತ. ಗಾಜು ದಪ್ಪವೆಂದು ಗೊತ್ತಿತ್ತು. ಹಾವು ಎರಗಿತು, ಡಾರ್ವಿನ್ ಒಂದೆರಡು ಗಜ ಹಿಂದಕ್ಕೆ ಹಾರಿದ್ದ! ನಮ್ಮ ಭಾಷೆಯಲ್ಲಿ ಹೇಳುವುದಾದರೆ ಭಯ ಎಂಬುದು ಪೂರ್ವಜರು ಬಿಟ್ಟುಹೋದ ಆರಂಭಿಕ ಶಿಲ್ಕು. ಯೋಚಿಸುತ್ತ ನಿಂತವರಿಗಿಂತ ಹಾರಿದವರ ಸಂತತಿಯೇ ಹೆಚ್ಚು ಉಳಿದಿರಬೇಕು. 1872ರ ತನ್ನ ಪುಸ್ತಕದಲ್ಲಿ ಆತ ಇದನ್ನೂ, ದುಃಖದ ಸ್ನಾಯುಗಳ ವಿಚಾರವನ್ನೂ ಬರೆದ. ದುಃಖದಲ್ಲಿ ಹುಬ್ಬಿನ ಒಳತುದಿಗಳು ಮೇಲೇರುತ್ತವೆ. ಬೇಕೆಂದು ಹಾಗೆ ಮಾಡಬಲ್ಲವರು ವಿರಳ.

ಭಾವನೆಯೇ ಇಲ್ಲದಿದ್ದರೆ ಲೆಕ್ಕ ಚೊಕ್ಕವಾದೀತೇ? ನರವಿಜ್ಞಾನಿ ಆಂಟೋನಿಯೊ ಡಮಾಸಿಯೊ 1994ರಲ್ಲಿ, ಎಲಿಯಟ್ ಎಂದು ಹೆಸರಿಟ್ಟು, ಒಬ್ಬ ರೋಗಿಯ ಕಥೆ ಬರೆದರು. ಮಿದುಳಿನ ಮುಂಭಾಗದ ಗೆಡ್ಡೆ ತೆಗೆದ ಮೇಲೂ ಆತನ ಬುದ್ಧಿಗೆ ಕುಂದಿರಲಿಲ್ಲ. ಭಾವನೆ ಮಾತ್ರ ಆರಿಹೋಗಿತ್ತು. ಕಡತಗಳನ್ನು ದಿನಾಂಕದಂತೆ ಜೋಡಿಸಬೇಕೋ ಗಾತ್ರದಂತೆಯೋ ಎಂದು ಇಡೀ ಮಧ್ಯಾಹ್ನ ಯೋಚಿಸುವ ಸ್ಥಿತಿ. ಕೆಲಸ, ಉಳಿತಾಯ, ಸಂಸಾರ ಎಲ್ಲವೂ ಕೈತಪ್ಪಿದವು. ಪ್ರತಿ ಆಯ್ಕೆಯ ಲಾಭನಷ್ಟ ಹೇಳಬಲ್ಲ, ಯಾವುದು ತನಗೆ ಮುಖ್ಯವೆಂದು ಹೇಳಲಾರ.

ಇದನ್ನು ಓದುವಾಗ ನನ್ನ ಲ್ಯಾಪ್‌ಟಾಪಿನಲ್ಲೂ ಎರಡು ಕಾಲಂ ಇದ್ದವು: ಇಲ್ಲೇ ಇರುವುದೋ, ಊರಿಗೆ ಮರಳುವುದೋ. ಅಪ್ಪ ಹೋದ ಮೇಲೆ ಹಾಸನದ ಮನೆಯಲ್ಲಿ ಅಮ್ಮ ಒಬ್ಬರೇ. ಪಿಂಚಣಿ, ತೆರಿಗೆ, ಮಕ್ಕಳ ಶಾಲೆ ಎಲ್ಲ ಕೂಡಿಸಿದರೆ ಮೊತ್ತ ಪ್ರತಿಸಲವೂ 'ಇಲ್ಲೇ ಇರು' ಎನ್ನುತ್ತಿತ್ತು. ಒಂದು ಭಾನುವಾರ ವಿಡಿಯೊ ಕರೆಯಲ್ಲಿ ಅಮ್ಮ, "ನಂಗೇನಾಗಿದೆ, ಚೆನ್ನಾಗೇ ಇದೀನಿ ಕಣಪ್ಪ" ಎಂದರು. ತುಟಿ ನಗುತ್ತಿತ್ತು; ಹುಬ್ಬಿನ ಒಳತುದಿಗಳು ಮೇಲೇರಿದ್ದವು.

ಸೋಮವಾರ ಮೂರು ತಿಂಗಳ ರಜೆಗೆ ಅರ್ಜಿ ಹಾಕಿದೆ. ಮುಂದಿನದು ಇನ್ನೂ ತೀರ್ಮಾನವಾಗಿಲ್ಲ. ಈ ಸಲ ಅಮ್ಮನ ಎದುರೇ ಕೂತು ಲೆಕ್ಕ ಹಾಕಬೇಕೆಂದಿದ್ದೇನೆ.