ಮುಳುಗಡೆಯ ಊರು, ನಂಬರಿನ ಊರು

ಬಾಗಲಕೋಟೆ ಎಂಬ ಹೆಸರಿನಲ್ಲಿ ಇಂದು ಎರಡು ಊರುಗಳಿವೆ. ಘಟಪ್ರಭಾ ನದಿಯ ದಂಡೆಯಲ್ಲಿರುವುದು ಹಳೇ ಬಾಗಲಕೋಟೆ. ಅಲ್ಲಿಂದ ಕೆಲವೇ ಕಿಲೋಮೀಟರು ದೂರದ ಎತ್ತರದ ನೆಲದಲ್ಲಿರುವುದು ನವನಗರ. ನಡುವೆ ಕಾಲೇಜುಗಳ ವಿದ್ಯಾಗಿರಿ. ಹೊರಗಿನಿಂದ ಬಂದವರು ವಿಳಾಸ ಕೇಳಿದರೆ 'ಹಳೇ ಊರೋ, ನವನಗರವೋ?' ಎಂಬ ಮರುಪ್ರಶ್ನೆ ಬರುತ್ತದೆ. ಒಂದು ಊರಿಗೆ ಓಣಿಗಳ ಹೆಸರು, ಇನ್ನೊಂದಕ್ಕೆ ಸೆಕ್ಟರುಗಳ ನಂಬರು. ಮೊದಲನೆಯದರಲ್ಲಿದ್ದ ಸಾವಿರಾರು ಕುಟುಂಬಗಳು ಎರಡನೆಯದಕ್ಕೆ ಹೋಗಿ ಹೇಗೆ ನೆಲೆ ನಿಂತವು ಎಂಬುದು ಕೃಷ್ಣಾ ಮೇಲ್ದಂಡೆ ಯೋಜನೆಯ ಇತಿಹಾಸದಲ್ಲಿ ಕಡಿಮೆ ಚರ್ಚೆಗೆ ಬಂದ ಅಧ್ಯಾಯ. ಟಿಎಂಸಿ, ಮೀಟರು, ಕೋಟಿ ರೂಪಾಯಿಗಳ ಲೆಕ್ಕದಲ್ಲಿ ಅದು ಮರೆಯಾಗಿಬಿಡುತ್ತದೆ.

ಆಲಮಟ್ಟಿ ಅಣೆಕಟ್ಟಿಗೆ ಶಂಕುಸ್ಥಾಪನೆಯಾದದ್ದು 1964ರ ಮೇ 22ರಂದು. ನೆರವೇರಿಸಿದವರು ಆಗ ಕೇಂದ್ರ ಸಚಿವರಾಗಿದ್ದ ಲಾಲ್ ಬಹಾದ್ದೂರ್ ಶಾಸ್ತ್ರಿ. ಅದಾಗಿ ಕೆಲವೇ ದಿನಗಳಲ್ಲಿ ಅವರು ಪ್ರಧಾನಿಯಾದರು. ಜಲಾಶಯಕ್ಕೆ ಅವರದೇ ಹೆಸರಿದೆ. ಬಾಗಲಕೋಟೆ ಕೃಷ್ಣೆಯ ದಂಡೆಯ ಮೇಲಿಲ್ಲ, ನಿಜ. ಆದರೆ ಊರನ್ನು ಬಳಸಿ ಹರಿಯುವ ಘಟಪ್ರಭೆ ಚಿಕ್ಕಸಂಗಮದ ಬಳಿ ಕೃಷ್ಣೆಯನ್ನು ಕೂಡುತ್ತಾಳೆ. ಕೆಳಗೆ ಆಲಮಟ್ಟಿಯಲ್ಲಿ ನೀರು ತಡೆದರೆ ಅದು ಘಟಪ್ರಭೆಯ ಪಾತ್ರದಲ್ಲೂ ಹಿಂದಕ್ಕೆ ಸರಿದು ಊರಿನ ಅಂಚಿಗೆ ಬರುತ್ತದೆ. ಊರು ಮುಳುಗುತ್ತದೆ ಎಂಬುದು ಹೀಗೆ ನಕ್ಷೆಯ ಮೇಲೆ ಮೊದಲೇ ತೀರ್ಮಾನವಾಗಿತ್ತು.

ನೀರು ಮಾತ್ರ ಬರಲಿಲ್ಲ. 1973ರಲ್ಲಿ ನ್ಯಾಯಮೂರ್ತಿ ಬಚಾವತ್ ನೇತೃತ್ವದ ನ್ಯಾಯಮಂಡಳಿ ಕೃಷ್ಣೆಯ ನೀರನ್ನು ಮೂರು ರಾಜ್ಯಗಳಿಗೆ ಹಂಚಿತು. ಅಣೆಕಟ್ಟಿನ ಕೆಲಸ ಹಣ ಬಂದಾಗ ಓಡುತ್ತ, ಇಲ್ಲದಾಗ ಕುಂಟುತ್ತ ಸಾಗಿತು. ಆಮೇಲೆ ಎತ್ತರದ ವಿಷಯದಲ್ಲಿ ಆಂಧ್ರಪ್ರದೇಶದೊಡನೆ ವ್ಯಾಜ್ಯವೆದ್ದಿತು. 519.6 ಮೀಟರ್‌ವರೆಗೆ ನೀರು ನಿಲ್ಲಿಸಬಹುದೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2000ದ ಏಪ್ರಿಲ್‌ನಲ್ಲಿ. ಶಂಕುಸ್ಥಾಪನೆಗೂ ಈ ತೀರ್ಪಿಗೂ ನಡುವೆ 36 ವರ್ಷಗಳ ಅಂತರವಿದೆ. ಶಂಕುಸ್ಥಾಪನೆಯ ವರ್ಷ ಹುಟ್ಟಿದ ಮಗು ಅಷ್ಟರಲ್ಲಿ ತಾನೇ ಮಕ್ಕಳನ್ನು ಶಾಲೆಗೆ ಕಳಿಸುವ ವಯಸ್ಸಿಗೆ ಬಂದಿತ್ತು. ಬಾಗಲಕೋಟೆಯ ಜನರಿಗೆ ದೊಡ್ಡ ಸಂಕಟವಾದದ್ದು ನೀರಿಗಿಂತ ಈ ಕಾಯುವಿಕೆಯೇ ಇರಬೇಕು ಎಂದು ನನಗನ್ನಿಸುತ್ತದೆ. ಮುಳುಗುವ ಮನೆಗೆ ಯಾರು ಹೊಸ ಮಾಳಿಗೆ ಹಾಕಿಸುತ್ತಾರೆ? ಅದನ್ನು ಅಡವಿಟ್ಟುಕೊಂಡು ಯಾರು ಸಾಲ ಕೊಡುತ್ತಾರೆ? ಇದ್ದ ಊರಿನಲ್ಲೇ ಇದ್ದು ಬೇರುಬಿಡದೆ ಬದುಕುವ ಅಭ್ಯಾಸ ಒಂದಿಡೀ ತಲೆಮಾರಿಗೆ ಆಗಿಹೋಯಿತು.

ಆ ಊರಾದರೂ ನಿನ್ನೆ ಮೊನ್ನೆಯದಲ್ಲ. ಶಾಸನಗಳಲ್ಲಿ ಬಾಗಡಗೆ ಎಂಬ ಹೆಸರಿನಿಂದ ಕಾಣಿಸಿಕೊಳ್ಳುವ ಸ್ಥಳ ಇದು. ಕಿಲ್ಲಾ, ಹಳಪೇಟ, ಹೊಸಪೇಟ, ಜೈನಪೇಟ, ವೆಂಕಟಪೇಟ ಎಂಬ ಐದು ಭಾಗಗಳು ಒಂದಕ್ಕೊಂದು ಆತುಕೊಂಡು ಬೆಳೆದ ಊರು. 1884ರಲ್ಲಿ ಗದಗ-ಹೋಟಗಿ ರೈಲುಮಾರ್ಗ ಬಂದ ಮೇಲೆ ವ್ಯಾಪಾರ ಇನ್ನೂ ಕುದುರಿತು. ಕಿರಿದಾದ ಓಣಿ, ಮಣ್ಣಿನ ಮಾಳಿಗೆ, ಮನೆಯ ಮುಂದೆ ಕಟ್ಟೆ, ಒಳಗೆ ಪಡಸಾಲೆ. ಉತ್ತರ ಕರ್ನಾಟಕದ ಸುಡು ಬೇಸಿಗೆಯಲ್ಲಿ ಒಂದು ಮನೆಯ ನೆರಳು ಎದುರು ಮನೆಯ ಕಟ್ಟೆಯ ಮೇಲೆ ಬೀಳುವಷ್ಟು ಹತ್ತಿರ ಹತ್ತಿರ ಕಟ್ಟಿದ ಮನೆಗಳು.

ಹೊಸ ಊರು ಕಟ್ಟುವ ಹೊಣೆಗಾಗಿ 1983ರ ಕಾಯ್ದೆಯಡಿ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ಹುಟ್ಟಿಕೊಂಡಿತು. ಜನ ಇದನ್ನು ಬಿಟಿಡಿಎ ಎಂದೇ ಕರೆಯುತ್ತಾರೆ. ಯೋಜನೆಗೆ ಕರೆಸಿದ್ದು ಸಾಮಾನ್ಯರನ್ನಲ್ಲ. ನವಿ ಮುಂಬಯಿಯ ಕಲ್ಪನೆಯ ಹಿಂದಿದ್ದ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರನ್ನು. ನಮ್ಮ ಹವೆಯಲ್ಲಿ ಮನೆಯ ಅರ್ಧ ಬದುಕು ನಡೆಯುವುದು ಗೋಡೆಗಳ ಒಳಗಲ್ಲ, ಅಂಗಳದಲ್ಲಿ, ಮಾಳಿಗೆಯ ಮೇಲೆ, ಬಯಲಿನಲ್ಲಿ ಎಂದು ಜೀವನವಿಡೀ ವಾದಿಸಿದವರು ಅವರು. ನವಿ ಮುಂಬಯಿಯ ಬೇಲಾಪುರದಲ್ಲಿ ಏಳೆಂಟು ಮನೆಗಳಿಗೆ ಒಂದರಂತೆ ಅಂಗಳ ಬಿಟ್ಟು ಮನೆಗಳ ಗುಂಪು ಕಟ್ಟಿ ತೋರಿಸಿದವರು ಕೂಡ. ಬಾಗಲಕೋಟೆಯ ಕಟ್ಟೆಯ ಬೆಲೆ ಅವರಿಗೆ ತಿಳಿದಿರಲಿಲ್ಲ ಎನ್ನಲು ಬರುವುದಿಲ್ಲ. ಆದರೆ ನಕ್ಷೆ ಬರೆಯುವುದು ಒಂದು, ಆ ನಕ್ಷೆಯೊಳಗೆ ಸಂಸಾರ ಹೂಡುವುದು ಇನ್ನೊಂದು. ಅಗಲವಾದ ರಸ್ತೆ, ಅಳತೆಯ ನಿವೇಶನ, ಒಳಚರಂಡಿ, ಉದ್ಯಾನಕ್ಕೆ ಬಿಟ್ಟ ಜಾಗ, ಇವೆಲ್ಲ ಹಳೇ ಊರಿನಲ್ಲಿ ಇರಲಿಲ್ಲ. ನೆರಳು, ಹತ್ತಿರದ ಅಂಗಡಿ ಮತ್ತು ಗುರುತಿನ ಮುಖಗಳು ಹೊಸ ಊರಿನಲ್ಲಿ ಇರಲಿಲ್ಲ.

ಪರಿಹಾರದ ಲೆಕ್ಕ ಹಾಕುವವರು ಗೋಡೆ, ಚಾವಣಿ, ಬಾಗಿಲು, ಜಾಗದ ಚದರ ಅಡಿ ಬರೆದುಕೊಳ್ಳುತ್ತಾರೆ. ಓಣಿಯ ತುದಿಯ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಯಾವ ಪಂಚನಾಮೆಯಲ್ಲಿಯೂ ಬರುವುದಿಲ್ಲ. ಕೂಲಿ ಸಿಗದ ವಾರ ಆ ಪುಸ್ತಕದ ಮೇಲೆಯೇ ಎಷ್ಟೋ ಮನೆಗಳ ರೊಟ್ಟಿ ಬೇಯುತ್ತದೆ. ಹೊಸ ಸೆಕ್ಟರಿನ ಅಂಗಡಿಯವನಿಗೆ ಗಿರಾಕಿಯ ಗುರುತಿಲ್ಲ, ಗುರುತಿಲ್ಲದವರಿಗೆ ಉದ್ರಿ ಇಲ್ಲ. ಮಗುವನ್ನು ಬಿಟ್ಟು ಕೆಲಸಕ್ಕೆ ಹೋಗಲು ನೆರೆಮನೆಯ ಅಜ್ಜಿ ಬೇಕು. ಅವರಿಗೆ ನಿವೇಶನ ಸಿಕ್ಕಿರುವುದು ಬೇರೊಂದು ಸೆಕ್ಟರಿನಲ್ಲಿ ಆಗಿದ್ದರೆ ಮಾಡುವುದೇನು?

ನೇಕಾರರ ಕಷ್ಟ ಇನ್ನೊಂದು ಬಗೆಯದು. ಈ ಸೀಮೆಯ ಕೈಮಗ್ಗ ಬಹುಮಟ್ಟಿಗೆ ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ನೇಕಾರ ಅದರಲ್ಲಿ ಕಾಲು ಇಳಿಬಿಟ್ಟು ಕುಳಿತು ನೇಯುತ್ತಾನೆ. ಮಗ್ಗದ ಮರವನ್ನು ಗಾಡಿಯಲ್ಲಿ ಹೇರಬಹುದು, ಕುಣಿಯನ್ನು ಹೇರಲಾಗದು. ಹಾಸು ಬಿಡಿಸಿ ಎಳೆ ಸರಿಪಡಿಸಲು ಉದ್ದನೆಯ ಓಣಿ ಬೇಕು, ಕೈಗೂಡಿಸುವ ನಾಲ್ಕು ಮನೆಯವರು ಬೇಕು. ಸೀರೆಯೊಂದನ್ನು ಒಬ್ಬನೇ ನೇಯ್ದಂತೆ ಕಂಡರೂ ಅದರ ಹಿಂದೆ ಓಣಿಯೇ ದುಡಿದಿರುತ್ತದೆ. ಅಂಥ ಓಣಿ ಚದುರಿದರೆ ಕಸುಬೂ ಚದುರುತ್ತದೆ.

ಇನ್ನು ನೀರಿನ ಗೆರೆಯ ಮಾತು. ಮುಳುಗಡೆ ಒಮ್ಮೆಗೇ ಆಗಲಿಲ್ಲ. ನೀರಿನ ಮಟ್ಟಕ್ಕೆ ಅನುಸಾರವಾಗಿ ಯುನಿಟ್ ಒಂದು, ಎರಡು, ಮೂರು ಎಂದು ಊರನ್ನು ವಿಂಗಡಿಸಿ ಹಂತ ಹಂತವಾಗಿ ಸ್ಥಳಾಂತರಿಸಲಾಯಿತು. ಸಮಮಟ್ಟದ ಗೆರೆಗೆ ಓಣಿಯ ಗುರುತಿಲ್ಲ, ನೆಂಟಸ್ತಿಕೆಯ ಪರಿವೆಯಿಲ್ಲ. ಗೆರೆಯ ಕೆಳಗಿನವರು ಹೊರಡಬೇಕು, ಮೇಲಿನವರು ಕಾಯಬೇಕು. 2010ರಲ್ಲಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 524.256 ಮೀಟರ್‌ವರೆಗೆ ನೀರು ನಿಲ್ಲಿಸಲು ಒಪ್ಪಿದಾಗ ಉಳಿದಿದ್ದ ಭಾಗಗಳ ಮೇಲೂ ಅದೇ ತೂಗುಗತ್ತಿ ಬಂದಿತು. ಅಂದರೆ 1964ರ ಕಾಯುವಿಕೆ ಹೊಸ ಶತಮಾನದಲ್ಲೂ ಮುಂದುವರಿಯಿತು.

ಹಳೇ ಊರಿನ ಮಾರುಕಟ್ಟೆ ಮಾತ್ರ ಸುಲಭಕ್ಕೆ ಕದಲಲಿಲ್ಲ. ಮನೆ ಬದಲಾದರೂ ಮದುವೆಯ ಜವಳಿಗೆ, ಬಂಗಾರಕ್ಕೆ, ಹಬ್ಬದ ಸಂತೆಗೆ ನವನಗರದವರು ಹಳೇ ಪೇಟೆಗೇ ಬಂದರು. ಇದು ಬರೀ ಮಮಕಾರವಲ್ಲ. ವ್ಯಾಪಾರಿ ಗಿರಾಕಿಯಿದ್ದಲ್ಲಿಗೆ ಹೋಗುತ್ತಾನೆ, ಗಿರಾಕಿ ಅಂಗಡಿಯಿದ್ದಲ್ಲಿಗೆ ಹೋಗುತ್ತಾನೆ. ಯಾರು ಮೊದಲು ಕಾಲು ಕೀಳಬೇಕು ಎಂಬುದು ತೀರ್ಮಾನವಾಗದಿದ್ದರೆ ಇಬ್ಬರೂ ಇದ್ದಲ್ಲೇ ಇರುತ್ತಾರೆ.

ನವನಗರಕ್ಕೆ ಕಳೆ ಬಂದದ್ದು ನಿವೇಶನ ಹಂಚಿದ್ದರಿಂದಲ್ಲ, ಕಚೇರಿಗಳಿಂದ. 1997ರ ಆಗಸ್ಟ್ 15ರಂದು ಬಿಜಾಪುರ ಜಿಲ್ಲೆಯಿಂದ ಬೇರ್ಪಟ್ಟು ಬಾಗಲಕೋಟೆ ಜಿಲ್ಲೆಯಾಯಿತು. ಜಿಲ್ಲಾಡಳಿತದ ಕಚೇರಿಗಳು ಹೊಸ ಊರಿನಲ್ಲಿ ಎದ್ದವು. ಅವುಗಳ ಸುತ್ತ ಝೆರಾಕ್ಸ್ ಅಂಗಡಿ, ಚಹಾದಂಗಡಿ, ಖಾನಾವಳಿ, ಬಾಡಿಗೆ ಮನೆ ಹುಟ್ಟಿಕೊಂಡವು. 2008ರಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯ ಬಂದಿತು. ನಡುವಿನ ವಿದ್ಯಾಗಿರಿಯಂತೂ ಮೊದಲೇ ಬೇರು ಬಿಟ್ಟಿತ್ತು. 1906ರಲ್ಲಿ ಆರಂಭವಾದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಎಂಜಿನಿಯರಿಂಗ್ ಕಾಲೇಜು ಶುರುವಾದದ್ದು 1963ರಲ್ಲಿ, ಅಣೆಕಟ್ಟಿನ ಶಂಕುಸ್ಥಾಪನೆಗೂ ಒಂದು ವರ್ಷ ಮೊದಲು.

ಕಚೇರಿ ಊರನ್ನು ಬೆಳೆಸುವುದೂ ಉಂಟು, ಕೈಬಿಡುವುದೂ ಉಂಟು. ಬಾಗಲಕೋಟೆಯಿಂದ ಸುಮಾರು ಇಪ್ಪತ್ತೈದು ಕಿಲೋಮೀಟರು ದೂರದ ಕಲಾದಗಿ ಬ್ರಿಟಿಷರ ಕಾಲದಲ್ಲಿ ಜಿಲ್ಲಾ ಕೇಂದ್ರವಾಗಿತ್ತು, ದಂಡಿನ ಠಾಣ್ಯವೂ ಆಗಿತ್ತು. 1885ರಲ್ಲಿ ಕೇಂದ್ರವನ್ನು ಬಿಜಾಪುರಕ್ಕೆ ಒಯ್ದರು. ಅಲ್ಲಿ ಯಾವ ನೀರೂ ಬರಲಿಲ್ಲ, ಸಾಹೇಬರು ಹೋದರು ಅಷ್ಟೆ. ದೊಡ್ಡ ಊರಾಗಬಹುದಾಗಿದ್ದ ಕಲಾದಗಿ ಇಂದು ಜನರ ಬಾಯಲ್ಲಿರುವುದು ದಾಳಿಂಬೆ, ಚಿಕ್ಕು ಹಣ್ಣುಗಳಿಂದ.

ಹೋಳಿ ಹುಣ್ಣಿವೆಯ ಹೊತ್ತಿಗೆ ಈ ಎರಡೂ ಊರುಗಳನ್ನು ಒಟ್ಟಿಗೆ ನೋಡಬೇಕು. ಬಾಗಲಕೋಟೆಯ ಹೋಳಿ ನಾಡಿನಲ್ಲೇ ಹೆಸರಾದದ್ದು. ಬಣ್ಣದ ಬ್ಯಾರಲ್‌ಗಳನ್ನು ಹೇರಿದ ಬಂಡಿಗಳು, ಹಲಗೆ ಮೇಳ, ದಿನಗಟ್ಟಲೆ ನಡೆಯುವ ಬಣ್ಣದಾಟ. ಬಂಡಿಗಳು ಇಂದಿಗೂ ಹೊರಡುವುದು ಪೇಟೆಗಳ ಹೆಸರಿನಲ್ಲೇ. ಪೇಟೆಯ ಎಷ್ಟೋ ಮನೆಗಳವರು ಈಗ ಇರುವುದು ಸೆಕ್ಟರಿನಲ್ಲಿ, ಆದರೂ ಆ ದಿನ ಅವರು ತಮ್ಮ ತಮ್ಮ ಪೇಟೆಯ ಬಂಡಿಯ ಹಿಂದೆ. ವಿದ್ಯಾಗಿರಿ, ನವನಗರಗಳಲ್ಲೂ ಈಗ ಬಣ್ಣದಾಟವಿದೆ. ಅಲ್ಲಿ ಹಲಗೆ ಬಾರಿಸುವ ಹುಡುಗರಲ್ಲಿ ಹಲವರು ಹುಟ್ಟಿದ್ದೇ ಸೆಕ್ಟರಿನಲ್ಲಿ. ಊರು ಯಾವುದು ಎಂದರೆ ನಂಬರನ್ನೇ ಮೊದಲು ಹೇಳುವವರು ಅವರು.