ಕಿಡಿ ಯಾರದ್ದು, ಗೋಡೆ ಯಾರದ್ದು?



ನಾನು ಗಾರೆ ಕೆಲಸದವರ ಮಗ. ಕಟ್ಟಡದ ಕೆಲಸದಲ್ಲಿ ಯಾರಾದ್ರೂ ಸತ್ತರೆ ಮೊದಲು ಬರೋ ಮಾತು ಚಿಕ್ಕಂದಿನಿಂದ ಕೇಳಿದ್ದೀನಿ: "ಅವನೇ ಹುಷಾರಾಗಿರಲಿಲ್ಲ." ಈ ಮಾತು ಎಷ್ಟನ್ನ ಮುಚ್ಚಿಡುತ್ತೆ ಅಂತ ತಿಳಿಯೋಕೆ ದಕ್ಷಿಣ ಕೊರಿಯಾದ ಇಚಿಯೋನ್ ಊರಿನ ಚರಿತ್ರೆ ನೋಡಬೇಕು.

2008ರ ಜನವರಿ 7ರಂದು ಅಲ್ಲಿ ಕಟ್ತಾ ಇದ್ದ ಶೀತಲ ಗೋದಾಮಿಗೆ ಬೆಂಕಿ ಬಿತ್ತು. 40 ಜನ ಸತ್ತರು. ಅವರಲ್ಲಿ ಹಲವರು ಚೀನಾದಿಂದ ಕೂಲಿಗೆ ಬಂದ ಕೊರಿಯನ್ ಮೂಲದವರು. ಕಂಪನಿಗೆ ಬಿದ್ದ ದಂಡ 2 ಕೋಟಿ ವೊನ್. ಒಂದು ಜೀವಕ್ಕೆ 5 ಲಕ್ಷ ವೊನ್, ಇವತ್ತಿನ ಲೆಕ್ಕದಲ್ಲಿ ಸುಮಾರು ಮೂವತ್ತು ಸಾವಿರ ರೂಪಾಯಿ!

ಹನ್ನೆರಡು ವರ್ಷ ಕಳೀತು. 2020ರ ಏಪ್ರಿಲ್ 29, ಕಾರ್ಮಿಕರ ದಿನಕ್ಕೆ ಎರಡೇ ದಿನ ಬಾಕಿ. ಅದೇ ಊರು, ಮತ್ತೆ ಕಟ್ಟುತ್ತಿದ್ದ ಗೋದಾಮು, ಮತ್ತೆ ಬೆಂಕಿ. ಈ ಸಲ 38 ಹೆಣ.

ತನಿಖೆ ನಡೀತು. ನೆಲಮಾಳಿಗೆಯಲ್ಲಿ ಪೈಪಿಗೆ ವೆಲ್ಡಿಂಗ್ ಮಾಡುವಾಗ ಹಾರಿದ ಕಿಡಿ ಯುರೇಥೇನ್ ಫೋಮಿಗೆ ತಗುಲಿತ್ತು. ಫೋಮ್ ಅಗ್ಗ, ಚಳಿ-ಶಾಖ ತಡೆಯುತ್ತೆ. ಆದರೆ ಹತ್ತಿಕೊಂಡರೆ ಉಸಿರು ಕಟ್ಟಿಸೋ ವಿಷದ ಹೊಗೆ. ಇಲ್ಲಿಗೇ ತನಿಖೆ ನಿಂತಿದ್ದರೆ "ವೆಲ್ಡರ್ ತಪ್ಪು" ಅಂತ ಕಡತ ಮುಚ್ಚಬಹುದಿತ್ತು.

ಪೊಲೀಸರು ಮುಂದಕ್ಕೆ ಹೋದರು. ಕಿಡಿ ಕಾಯೋಕೆ ಯಾಕೆ ಯಾರೂ ಇರಲಿಲ್ಲ? ಕೆಲಸ ಬೇಗ ಮುಗಿಸೋ ಆತುರಕ್ಕೆ ಆವತ್ತು ಮಾಮೂಲಿಗಿಂತ ಹೆಚ್ಚು ಜನರನ್ನ ಯಾಕೆ ಒಳಗೆ ತುಂಬಿದ್ದರು? ಕೆಳಗಿನ ತಪ್ಪಿಸಿಕೊಳ್ಳೋ ದಾರಿ ಎಲ್ಲಿ? ಅಲ್ಲಿ ಬಾಗಿಲಿರಲಿಲ್ಲ. ಗೋಡೆಗೆ ತೇವ ಕಟ್ಟಬಾರದು ಅಂತ ಇಟ್ಟಿಗೆ ಇಟ್ಟು ಮುಚ್ಚಿಬಿಟ್ಟಿದ್ದರು. ಸರ್ಕಾರದ ಸುರಕ್ಷತಾ ಸಂಸ್ಥೆ ಬೆಂಕಿಯ ಅಪಾಯದ ಬಗ್ಗೆ ಮೊದಲೇ ಮತ್ತೆ ಮತ್ತೆ ಎಚ್ಚರಿಸಿತ್ತು. ಕೆಲಸ ಮಾತ್ರ ನಿಲ್ಲಲಿಲ್ಲ.

ಗೋದಾಮಿಗೆ ತೇವ ತಗಲಬಾರದು, ಮನುಷ್ಯ ಸುಟ್ಟರೂ ಪರವಾಗಿಲ್ಲ. ಆ ಗೋಡೆಯ ಅರ್ಥ ಇಷ್ಟೇ.

ಶಿಕ್ಷೆ ಯಾರಿಗಾಯ್ತು? ಸ್ಥಳದಲ್ಲಿದ್ದ ಕಟ್ಟಡ ಕಂಪನಿಯ ಮೇಲ್ವಿಚಾರಕರು ಜೈಲಿಗೆ ಹೋದರು. ಗೋದಾಮು ಕಟ್ಟಿಸುತ್ತಿದ್ದವರ ಕಡೆಯ ಅಧಿಕಾರಿಯನ್ನ ಕೆಳಗಿನ ಕೋರ್ಟು ತಪ್ಪಿತಸ್ಥ ಅಂದಿತ್ತು, ಮೇಲಿನ ಕೋರ್ಟು ಖುಲಾಸೆ ಮಾಡಿತು. ಒಡೆಯ, ಗುತ್ತಿಗೆದಾರ, ಒಳಗುತ್ತಿಗೆದಾರ, ದಿನಗೂಲಿ. ಲಾಭ ಮೇಲಕ್ಕೆ ಹತ್ತುತ್ತೆ, ಹೊಣೆ ಕೆಳಕ್ಕೆ ಇಳಿಯುತ್ತೆ. ಕೊರಿಯಾದಲ್ಲಿರೋದು ನಮ್ಮ ಜಾತಿಯಲ್ಲ ನಿಜ. ಆದರೆ ಬಾಬಾಸಾಹೇಬರಿಂದ ಶ್ರೇಣೀಕೃತ ಅಸಮಾನತೆ ಅಂದ್ರೇನು ಅಂತ ಕಲಿತ ನಮಗೆ ಈ ಮೆಟ್ಟಿಲು ಗುರುತು ಹಿಡಿಯೋದು ಕಷ್ಟವೇ?

ಅಲ್ಲಿನವರು ಸುಮ್ಮನೆ ಕೂರಲಿಲ್ಲ. 2018ರಲ್ಲಿ ವಿದ್ಯುತ್ ಸ್ಥಾವರದಲ್ಲಿ ಮಗನನ್ನ ಕಳಕೊಂಡ ತಾಯಿಯೊಬ್ಬರು ಚಳಿಯಲ್ಲಿ ಸಂಸತ್ತಿನ ಬಳಿ ಉಪವಾಸ ಕೂತರು. 2021ರ ಜನವರಿಯಲ್ಲಿ ಕಾನೂನು ಬಂತು: ಸುರಕ್ಷತೆ ಕಡೆಗಣಿಸಿ ಕೆಲಸಗಾರ ಸತ್ತರೆ ಕಂಪನಿ ನಡೆಸೋನಿಗೇ ಕನಿಷ್ಠ ಒಂದು ವರ್ಷ ಜೈಲು ಇಲ್ಲವೇ ದಂಡ. 2022ರ ಜನವರಿ 27ರಿಂದ ಜಾರಿ. ಐದು ಜನಕ್ಕಿಂತ ಕಡಿಮೆ ಇರೋ ಜಾಗಗಳನ್ನ ಮಾತ್ರ ಹೊರಗಿಟ್ಟರು. ಅಂದ್ರೆ ಇನ್ನೂ ಜಗಳ ಬಾಕಿ ಇದೆ.

ನಮ್ಮೂರಲ್ಲಿ ಸಾವಾದಾಗ "ಕಿಡಿ ಎಲ್ಲಿಂದ ಬಂತು" ಅಂತ ಕೇಳಿ ಸುಮ್ಮನಾಗಬೇಡಿ. ಬಾಗಿಲು ಮುಚ್ಚಿಸಿದ್ದು ಯಾರು, ಅದರಿಂದ ಯಾರಿಗೆ ಉಳಿತಾಯ ಆಯ್ತು, ಅದನ್ನೂ ಕೇಳಿ. ಉತ್ತರ ದಾಖಲಾಗೋವರೆಗೂ ಠಾಣೆ ಮುಂದಿಂದ ಏಳಬೇಡಿ.

ಜೈ ಭೀಮ್.